ಸ್ವಿಫ್ಟ್, ಬಲೆನೋ, ಎರ್ಟಿಗಾಗೆ 185/65 ಆರ್15 ಟೈರು: ಯಾವುದು ಯಾರಿಗೆ?

ಟೈರ್ ಅಂಗಡಿಗೆ ಹೋಗಿ "ಒಳ್ಳೇದು ಯಾವ್ದಿದೆ?" ಅಂತ ಕೇಳಿದರೆ, ಆ ದಿನ ಅಂಗಡಿಯವರಿಗೆ ಯಾವುದರಲ್ಲಿ ಲಾಭ ಹೆಚ್ಚೋ ಅದೇ ಒಳ್ಳೇದಾಗಿಬಿಡುತ್ತದೆ. ಅವರನ್ನು ದೂರಿ ಫಲವಿಲ್ಲ. ಪ್ರಶ್ನೆಯೇ ಅಂಥದ್ದು. ಕೇಳಬೇಕಾದದ್ದು ಬೇರೆ: ಈ ಗಾಡಿ ಯಾವ ರಸ್ತೆಯಲ್ಲಿ ಓಡುತ್ತದೆ, ಹಳೇ ಟೈರು ಯಾವ ಬದಿಯಲ್ಲಿ ಸವೆದಿದೆ, ವರ್ಷಕ್ಕೆ ಎಷ್ಟು ಕಿಲೋಮೀಟರು. ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಬ್ರ್ಯಾಂಡ್ ಆರಿಸುವುದು ಹತ್ತು ನಿಮಿಷದ ಕೆಲಸ.

ಇಲ್ಲಿ ನೋಡುತ್ತಿರುವುದು 185/65 ಆರ್15 ಎಂಬ ಒಂದೇ ಸೈಜು. ಸ್ವಿಫ್ಟ್ ಮತ್ತು ಡಿಸೈರ್‌ನ ಮೇಲಿನ ವೇರಿಯೆಂಟ್‌ಗಳು, ಬಲೆನೋ-ಗ್ಲಾಂಜಾದ ಕೆಳಗಿನ ವೇರಿಯೆಂಟ್‌ಗಳು, ಎರ್ಟಿಗಾ, ಐ20ಯ ಕೆಲವು ವೇರಿಯೆಂಟ್‌ಗಳು ಎಲ್ಲವೂ ಓಡುವುದು ಇದರ ಮೇಲೆಯೇ. ಹೀಗಾಗಿ ಎಲ್ಲ ಕಂಪನಿಗಳೂ ಈ ಸೈಜಿನಲ್ಲಿ ಎರಡು ಮೂರು ಮಾಡೆಲ್ ಇಟ್ಟಿವೆ, ಪೈಪೋಟಿಯೂ ಜೋರಾಗಿದೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ: ಕರಾವಳಿ, ಮಲೆನಾಡಿನವರು ಕಿಲೋಮೀಟರ್ ಲೆಕ್ಕ ಬಿಟ್ಟು ಒದ್ದೆ ರಸ್ತೆಯ ಹಿಡಿತಕ್ಕೆ ದುಡ್ಡು ಹಾಕಿ. ಬಯಲುಸೀಮೆಯಲ್ಲಿ ಹೈವೇ ಓಡಾಟ ಹೆಚ್ಚಿದ್ದವರು ಬಾಳಿಕೆ ನೋಡಿ. ಬೆಂಗಳೂರಿನೊಳಗೇ ಸುತ್ತುವವರಿಗೆ ಗಟ್ಟಿ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಬೇಕು, ಜೊತೆಗೆ ತಯಾರಿಕೆ ತಾರೀಖಿನ ಮೇಲೆ ಕಣ್ಣಿರಬೇಕು.

ಹಳೇ ಟೈರಿನ ಜಾತಕ

ಹೊಸ ಟೈರಿಗೆ ದುಡ್ಡು ಎಣಿಸುವ ಮೊದಲು ಹಳೆಯದರ ಮುಂದೆ ಕೂತು ನೋಡಬೇಕು. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಮುಂದಿನ ಚಕ್ರದ ಒಳ ಅಂಚು ಕಾಣುತ್ತದೆ. ಹಿಂದಿನ ಚಕ್ರಕ್ಕೆ ಮೊಬೈಲನ್ನು ಒಳಬದಿಗೆ ತೂರಿಸಿ ಫೋಟೋ ತೆಗೆಯಿರಿ. ಹೊರಗಿನಿಂದ ಚೆಂದ ಕಾಣುವ ಟೈರು ಒಳಬದಿಯಲ್ಲಿ ತಂತಿ ಕಾಣುವಷ್ಟು ಬೋಳಾಗಿರುವುದು ಅಪರೂಪವೇನಲ್ಲ.

ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಸೀಳುಗಳಿರುವ ಭಾಗದ, ಆಳ ಅಳೆಯುವ ಗೇಜ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಳ ಅಂಚು, ನಡು, ಹೊರ ಅಂಚು ಹೀಗೆ ಒಂದೊಂದು ಟೈರಿಗೆ ಮೂರು ಕಡೆ ಅಳೆದು ಬರೆದಿಡಿ. ಹೊಸ ಟೈರಿನಲ್ಲಿ ಈ ಆಳ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಗೇಜ್ ಇಲ್ಲದಿದ್ದರೆ ಸೈಡ್‌ವಾಲ್‌ನ ಮೇಲ್ತುದಿಯಲ್ಲಿ ಟಿಡಬ್ಲ್ಯೂಐ ಎಂಬ ಅಕ್ಷರವನ್ನೋ ಪುಟ್ಟ ತ್ರಿಕೋನವನ್ನೋ ಹುಡುಕಿ. ಅದರ ನೇರಕ್ಕೆ ಟ್ರೆಡ್ಡಿನ ಉದ್ದ ಸೀಳಿನೊಳಗೆ ಒಂದು ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಅದರ ಎತ್ತರ 1.6 ಮಿ.ಮೀ. ಟ್ರೆಡ್ಡು ಸವೆದು ಆ ದಿಣ್ಣೆಯ ಸಮಕ್ಕೆ ಬಂತೆಂದರೆ ಟೈರು ಮುಗಿಯಿತು.

ಆದರೆ 1.6 ಎಂಬುದು ಕೊನೆಯ ಗೆರೆ. ಅಲ್ಲಿಯವರೆಗೂ ಎಳೆಯಿರಿ ಎಂಬ ಸಲಹೆ ಅಲ್ಲ. ರಸ್ತೆಯ ಮೇಲೆ ನಿಂತ ನೀರನ್ನು ಬದಿಗೆ ತಳ್ಳುವುದು ಈ ಸೀಳುಗಳೇ. ಆಳ ಕಡಿಮೆಯಾದಷ್ಟೂ ತಳ್ಳುವ ನೀರು ಕಡಿಮೆ. ವೇಗ ಹೆಚ್ಚಾದಾಗ ಟೈರು ನೀರಿನ ಮೇಲೇ ತೇಲಿ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಜೂನ್‌ನಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿಳಿಯುವವರು ಮೇ ತಿಂಗಳಲ್ಲೇ ಅಳೆದು, 3 ಮಿ.ಮೀ.ಗಿಂತ ಕೆಳಗಿದ್ದರೆ ಬದಲಾಯಿಸುವುದು ಒಳ್ಳೆಯದು. ರಾಯಚೂರು, ಬಳ್ಳಾರಿ ಕಡೆ ಒಣ ರಸ್ತೆಯಲ್ಲೇ ಓಡುವ ಗಾಡಿ 2ರವರೆಗೆ ನಡೆದೀತು.

ಉಳಿದ ಆಯುಷ್ಯದ ಲೆಕ್ಕ ಸುಲಭ. ಹೊಸದಾಗಿ 7.5 ಮಿ.ಮೀ. ಇದ್ದದ್ದು 20,000 ಕಿ.ಮೀ. ಓಡಿ 5.5ಕ್ಕೆ ಬಂದಿದೆ ಎಂದರೆ ಮಿಲಿಮೀಟರಿಗೆ 10,000 ಕಿ.ಮೀ. 2.5ರಲ್ಲಿ ಬಿಡುವುದಾದರೆ ಇನ್ನೂ 30,000 ಉಳಿದಿದೆ. ಸರ್ವಿಸ್ ಸೆಂಟರಿನವರು "ಟೈರ್ ಚೇಂಜ್ ಮಾಡ್ಬೇಕು ಸಾರ್" ಎಂದಾಗ ಈ ಲೆಕ್ಕ ಜೇಬಿನಲ್ಲಿರಲಿ.

ಈಗ ಸವೆತದ ಬಗೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಇದರಲ್ಲೊಂದು ಸೂಕ್ಷ್ಮವಿದೆ: ಆಗುಂಬೆಯಂಥ ಹಿಮ್ಮುರಿ ತಿರುವುಗಳಲ್ಲಿ ದಿನಾ ಓಡಾಡುವ ಗಾಡಿಯ ಮುಂದಿನ ಟೈರುಗಳ ಹೊರ ಅಂಚು, ಗಾಳಿ ಸರಿಯಿದ್ದರೂ ಬೇಗ ಸವೆಯುತ್ತದೆ. ಅಲ್ಲಿ ತಪ್ಪು ಗಾಳಿಯದ್ದೂ ಅಲ್ಲ, ಅಲೈನ್‌ಮೆಂಟಿನದ್ದೂ ಅಲ್ಲ. ಹಿಂದಿನ ಟೈರುಗಳಲ್ಲೂ ಅದೇ ಗುರುತು ಇದೆಯೇ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಿಂದೆ ಸಮವಾಗಿ ಸವೆದು, ಮುಂದೆ ಮಾತ್ರ ಹೊರ ಅಂಚು ಹೋಗಿದ್ದರೆ ಅದು ಘಾಟಿಯ ಪ್ರಸಾದ. ಟೈರು ಅದಲು ಬದಲು ಮಾಡುವುದನ್ನು ಬೇಗ ಬೇಗ ಮಾಡಿದರೆ ಸಾಕು.

ಒಂದೇ ಅಂಚು, ಅದರಲ್ಲೂ ಒಳ ಅಂಚು ಸವೆದಿದ್ದರೆ ಟೋ ಅಥವಾ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲಿಕೆ) ತಪ್ಪಿದೆ. ಟೋ ಎಂದರೆ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದೆ ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು. ಒಳಮುಖವಾದರೆ ಹೊರ ಅಂಚು ತಿನ್ನುತ್ತದೆ, ಹೊರಮುಖವಾದರೆ ಒಳ ಅಂಚು. ಮಿಲಿಮೀಟರಿನ ಮಾತು ತಾನೇ ಎಂದು ಬಿಡುವಂತಿಲ್ಲ. ಈ ಸೈಜಿನ ಟೈರಿನ ವ್ಯಾಸ ಸುಮಾರು 621 ಮಿ.ಮೀ. ಒಟ್ಟು ಟೋ 3 ಮಿ.ಮೀ. ತಪ್ಪಿತೆಂದರೆ ಒಂದೊಂದು ಚಕ್ರವೂ ಕಿಲೋಮೀಟರಿಗೆ ಹೆಚ್ಚುಕಡಿಮೆ ಎರಡೂವರೆ ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡೇ ಸಾಗುತ್ತದೆ. ಇದನ್ನು ಕಣ್ಣಿಗಿಂತ ಕೈ ಬೇಗ ಹಿಡಿಯುತ್ತದೆ. ಟ್ರೆಡ್ಡಿನ ಮೇಲೆ ಅಂಗೈಯನ್ನು ಅಡ್ಡಡ್ಡಕ್ಕೆ ಆಡಿಸಿ. ಒಂದು ದಿಕ್ಕಿಗೆ ನುಣ್ಣಗೆ ಜಾರಿ, ವಾಪಸ್ ಬರುವಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ತಪ್ಪಿದೆ ಎಂದೇ ಅರ್ಥ. ಅಂಚು ಪೂರ್ತಿ ಹೋಗುವ ಎಷ್ಟೋ ಮೊದಲೇ ಈ ಚುಚ್ಚು ಶುರುವಾಗಿರುತ್ತದೆ. (ತಂತಿ ಹೊರಬಂದಿರುವ ಟೈರಿನ ಮೇಲೆ ಮಾತ್ರ ಅಂಗೈ ಆಡಿಸಬೇಡಿ.)

ಟೈರಿನ ಸುತ್ತ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ಹೋಗಿದೆ, ಇಲ್ಲವೇ ವ್ಹೀಲ್ ಬೇರಿಂಗ್ ಸಡಿಲವಾಗಿದೆ. ಹಂಪು ಹಾರಿದಾಗಲೆಲ್ಲ ಚಕ್ರ ನೆಲ ಬಿಟ್ಟು ಮೇಲೆದ್ದು ಮತ್ತೆ ಬಡಿಯುವುದರಿಂದ ಆಗುವ ಗುರುತು ಇದು. ಅದನ್ನು ಸರಿ ಮಾಡದೆ ಹೊಸ ಟೈರು ಹಾಕಿದರೆ ಹೊಸದರ ಹಣೆಬರಹವೂ ಅಷ್ಟೇ. ಹೊಸ ಟೈರಿನ ಬಜೆಟ್‌ನಲ್ಲಿ ಶಾಕ್, ಲೋವರ್ ಆರ್ಮ್ ಬುಷ್, ಟೈ ರಾಡ್ ಎಂಡ್ ನೋಡಿಸುವ ಖರ್ಚೂ ಸೇರಿರಲಿ ಎನ್ನುವುದು ಇದಕ್ಕೇ.

ಸವೆಯದಿದ್ದರೂ ಮುಗಿದ ಟೈರು

ಬೆಂಗಳೂರಿನ ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ವಾರವಿಡೀ ನಿಂತು ಭಾನುವಾರ ಮಾತ್ರ ಹೊರಡುವ ಗಾಡಿಗಳದ್ದು ಬೇರೆಯೇ ಕಥೆ. ಆರು ವರ್ಷಕ್ಕೆ 25,000 ಕಿ.ಮೀ. ಕೂಡ ಆಗಿರುವುದಿಲ್ಲ, ಟ್ರೆಡ್ಡು 5 ಮಿ.ಮೀ. ಇರುತ್ತದೆ, ಮಾಲೀಕರಿಗೆ ಬದಲಾಯಿಸಲು ಮನಸ್ಸೇ ಬಾರದು. ಆದರೆ ರಬ್ಬರು ಓಡಿದರೂ ಮುದಿಯಾಗುತ್ತದೆ, ನಿಂತರೂ ಮುದಿಯಾಗುತ್ತದೆ. ಬಿಸಿಲು, ಓಝೋನ್, ವರ್ಷಗಳು ಸೇರಿ ಅದನ್ನು ಗಡುಸು ಮಾಡುತ್ತವೆ. ಗಡುಸಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಸೈಡ್‌ವಾಲ್‌ನಲ್ಲಿ, ಟ್ರೆಡ್ ಸೀಳಿನ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಹುಡುಕಿ. ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸುವುದು, ಬಿರುಕು ಕಂಡರೆ ಬಿಡುವುದು, ಹತ್ತು ವರ್ಷಕ್ಕೆ ಯಾವ ಸ್ಥಿತಿಯಲ್ಲಿದ್ದರೂ ತೆಗೆದುಬಿಡುವುದು ಎಂಬುದು ಕಂಪನಿಗಳ ಮಾತು. ಆದರೆ ನಮ್ಮ ಬಿಸಿಲಿಗೆ ಹತ್ತರವರೆಗೆ ಕಾಯುವುದು ಬೇಡ, ಆರೇಳು ವರ್ಷ ಸಾಕು.

ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಂಡರೆ ಚರ್ಚೆ ಬೇಡ. ಗುಂಡಿಗೆ ಬಿದ್ದ ಹೊಡೆತಕ್ಕೆ ಟೈರು ಡಿಸ್ಕಿನ (ಟೈರು ಕೂರುವ ಲೋಹದ ಚಕ್ರದ) ಅಂಚಿಗೆ ಸಿಕ್ಕಿ ಒಳಗಿನ ನೂಲು ಹರಿದಿದೆ, ಈಗ ಗಾಳಿಯನ್ನು ಹಿಡಿದಿರುವುದು ಬರೀ ರಬ್ಬರು. ಇದಕ್ಕೆ ರಿಪೇರಿ ಇಲ್ಲ. "ಒಳಗಿಂದ ಪ್ಯಾಚ್ ಹಾಕಿ ಕೊಡ್ತೀವಿ" ಎನ್ನುವವರನ್ನು ಕೈಮುಗಿದು ಬಿಟ್ಟು ಬನ್ನಿ. ಪಂಚರ್ ವಿಷಯವೂ ಹಾಗೆಯೇ: ಟ್ರೆಡ್ಡಿನ ನಡುಭಾಗದಲ್ಲಿ 6 ಮಿ.ಮೀ.ವರೆಗಿನ ತೂತಿಗೆ, ಟೈರನ್ನು ಡಿಸ್ಕಿನಿಂದ ಬಿಚ್ಚಿ ಒಳಗಿನಿಂದ ಹಾಕುವ ಮಶ್ರೂಮ್ ಪ್ಯಾಚ್ ಸರಿಯಾದ ರಿಪೇರಿ. ಹೊರಗಿನಿಂದ ತುರುಕುವ ಸ್ಟ್ರಿಪ್ ಮನೆ ಸೇರಲಿಕ್ಕೆ. ಸೈಡ್‌ವಾಲ್ ತೂತಿಗೆ ಎರಡೂ ಇಲ್ಲ.

ಸೈಜಿನ ಅಕ್ಷರಗಳು, ದೊಡ್ಡದು ಹಾಕುವ ಆಸೆ

185/65 ಆರ್15 88ಎಚ್ ಎಂದರೆ ಅಗಲ 185 ಮಿ.ಮೀ., ಸೈಡ್‌ವಾಲ್ ಎತ್ತರ ಅದರ ನೂರಕ್ಕೆ 65, ರೇಡಿಯಲ್, 15 ಇಂಚಿನ ಡಿಸ್ಕು. 88 ಎಂಬುದು ಭಾರದ ಸಂಖ್ಯೆ, ಟೈರೊಂದಕ್ಕೆ 560 ಕೆ.ಜಿ. ಎಚ್ ಅಂದರೆ ಗಂಟೆಗೆ 210 ಕಿ.ಮೀ., ಟಿ ಅಂದರೆ 190. ನಮ್ಮ ರಸ್ತೆಗೆ ಟಿಯೇ ಧಾರಾಳವಾಯಿತು. ಆದರೂ ಗಾಡಿ ಜೊತೆ ಬಂದ ಅಕ್ಷರಕ್ಕಿಂತ ಕೆಳಗಿಳಿಯಬೇಡಿ. ಭಾರದ ಸಂಖ್ಯೆಯಲ್ಲಂತೂ ರಾಜಿ ಬೇಡವೇ ಬೇಡ, ಅದರಲ್ಲೂ ಏಳು ಜನ, ಮೇಲೆ ಕ್ಯಾರಿಯರ್, ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವ ಎರ್ಟಿಗಾದವರು.

"195 ಹಾಕ್ಕೊಳ್ಳಿ ಸಾರ್, ಗಾಡಿ ಕೂರುತ್ತೆ" ಎಂಬ ಮಾತು ಪ್ರತಿ ಅಂಗಡಿಯಲ್ಲೂ ಕೇಳಿಬರುತ್ತದೆ. 195/65 ಆರ್15ರ ವ್ಯಾಸ 634.5 ಮಿ.ಮೀ., ಮೂಲಕ್ಕಿಂತ ಶೇ. 2ರಷ್ಟು ಹೆಚ್ಚು. ಸಹಿಸಬಹುದು, ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಗುಂಡಿಗೆ ಇಳಿದಾಗ ಫೆಂಡರ್ ಲೈನರಿಗೆ (ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ) ತಾಗುತ್ತದೆಯೇ ಎಂದು ನೋಡಿಕೊಳ್ಳಬೇಕು, ಪಿಕಪ್ ಮತ್ತು ಮೈಲೇಜಿನಲ್ಲಿ ಚೂರು ಕಳೆದುಕೊಳ್ಳಲು ಸಿದ್ಧವಿರಬೇಕು. 195/60 ಆರ್15 ಹಾಕಿದರೆ 615 ಮಿ.ಮೀ., ಶೇ. 1ರಷ್ಟು ಕಡಿಮೆ. ಲೆಕ್ಕಕ್ಕೆ ಇದು ವಾಸಿ, ಆದರೆ ಹಂಪುಗಳ ಊರಲ್ಲಿ ತಳ ಮೂರು ಮಿಲಿಮೀಟರು ಕೆಳಗಿಳಿಯುತ್ತದೆ, ಸೈಡ್‌ವಾಲ್ ಗಿಡ್ಡವಾಗಿ ಗುಂಡಿಯ ಹೊಡೆತ ಡಿಸ್ಕಿಗೆ ಹತ್ತಿರವಾಗುತ್ತದೆ. 205/65 ಹಾಕಿಸಿಕೊಂಡವರ ಸ್ಪೀಡೋಮೀಟರು 100 ಎಂದಾಗ ಗಾಡಿ ಅದಕ್ಕಿಂತ ಶೇ. 4ರಷ್ಟು ಜೋರಾಗಿ ಓಡುತ್ತಿರುತ್ತದೆ. ಮನೆಮಂದಿ ಓಡಾಡುವ ಗಾಡಿಗೆ ಮೂಲ ಸೈಜೇ ಸರಿ. ಆ ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಿ.

ಯಾವ ಬ್ರ್ಯಾಂಡು, ಯಾವ ಮಾಡೆಲ್ಲು

ಒಂದೇ ಕಂಪನಿಯ ಎರಡು ಮಾಡೆಲ್ ನಡುವೆ ಇರುವ ವ್ಯತ್ಯಾಸ ಎಷ್ಟೋ ಸಲ ಎರಡು ಕಂಪನಿಗಳ ನಡುವಿನದಕ್ಕಿಂತ ದೊಡ್ಡದು. "ಅಪೋಲೋ ಹಾಕಿದೀನಿ" ಎಂದರೆ ಏನೂ ಹೇಳಿದಂತಾಗಲಿಲ್ಲ. ಅಮೇಜರ್ 4ಜಿ ಲೈಫ್ ಬಾಳಿಕೆಗೆಂದು ಮಾಡಿದ್ದು, ಆಲ್ನಾಕ್ 4ಜಿ ಹಿಡಿತಕ್ಕೆಂದು ಮಾಡಿದ್ದು. ಸಿಯಟ್‌ನಲ್ಲೂ ಮೈಲೇಜ್ ಎಕ್ಸ್3 ಒಂದು ದಾರಿ, ಸೆಕ್ಯೂರಾಡ್ರೈವ್ ಇನ್ನೊಂದು ದಾರಿ. ಗುಡ್‌ಇಯರ್‌ನಲ್ಲಿ ಅಶ್ಯೂರೆನ್ಸ್ ಡ್ಯುರಾಪ್ಲಸ್ ಓಟಕ್ಕೆ, ಟ್ರಿಪಲ್‌ಮ್ಯಾಕ್ಸ್ ಒದ್ದೆ ರಸ್ತೆಯ ಬ್ರೇಕಿಗೆ. ಹಿಡಿತ, ಬಾಳಿಕೆ, ಕಡಿಮೆ ಇಂಧನ ಮೂರನ್ನೂ ಒಟ್ಟಿಗೆ ತುಂಬಿದ ರಬ್ಬರು ಅಗ್ಗದ ಬೆಲೆಗೆ ಸಿಗುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ.

ಮಂಗಳೂರು, ಉಡುಪಿ, ಕಾರವಾರ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಗಾಡಿಗಳಿಗೆ ಗುಡ್‌ಇಯರ್ ಟ್ರಿಪಲ್‌ಮ್ಯಾಕ್ಸ್ 2, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6, ಮಿಶೆಲಿನ್ ಈ ಸಾಲಿನಲ್ಲಿ ಮೊದಲು ನೋಡಬೇಕಾದವು. ಬಜೆಟ್ ಬಿಗಿಯಾದರೆ ಆಲ್ನಾಕ್ 4ಜಿ, ಸೆಕ್ಯೂರಾಡ್ರೈವ್. ಮಿಶೆಲಿನ್ ಎಕ್ಸ್ಎಂ2+ ಒದ್ದೆ ಹಿಡಿತ ಮತ್ತು ಬಾಳಿಕೆ ಎರಡನ್ನೂ ಚೆನ್ನಾಗಿ ತೂಗಿಸಿಕೊಂಡ ಟೈರು. ಸವಾರಿಯೂ ಮೆತ್ತಗೆ. ಆದರೆ ಬೆಲೆ ಮೇಲಿನದು, ಸೈಡ್‌ವಾಲ್ ಮೆದು, ಕಲ್ಲುಚೂರಿನ ದಾರಿಗೆ ಜೋಪಾನ ಬೇಕು. ಇನ್ನೊಂದು ಮಾತು: 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಟೈರು ಆಮದಿಗೆ ನಿರ್ಬಂಧ ಹೇರಿದ ಮೇಲೆ ಹೊರದೇಶದಿಂದ ಬರುವ ಮಾಡೆಲ್‌ಗಳ ಸ್ಟಾಕು ಎಲ್ಲ ಊರಿನಲ್ಲೂ ಒಂದೇ ಸಮ ಸಿಗುತ್ತಿರಲಿಲ್ಲ. ಯಾವುದೇ ದುಬಾರಿ ಬ್ರ್ಯಾಂಡನ್ನು ಸಣ್ಣ ಊರಿನ ಅಂಗಡಿಯಲ್ಲಿ ಕೊಳ್ಳುವಾಗ ತಯಾರಿಕೆ ವಾರವನ್ನು ಎರಡು ಸಲ ನೋಡಿ.

ಹುಬ್ಬಳ್ಳಿ-ದಾವಣಗೆರೆ-ಬೆಂಗಳೂರು ಹೈವೇಯಲ್ಲಿ ತಿಂಗಳಿಗೆ ಸಾವಿರಗಟ್ಟಲೆ ಕಿ.ಮೀ. ಓಡಿಸುವವರಿಗೆ ಅಮೇಜರ್ 4ಜಿ ಲೈಫ್, ಮೈಲೇಜ್ ಎಕ್ಸ್3, ಡ್ಯುರಾಪ್ಲಸ್ 2, ಎಂಆರ್‌ಎಫ್ ಝಡ್‌ವಿಟಿವಿ. ಇವುಗಳ ರಬ್ಬರು ಗಟ್ಟಿ. ಹಾಗಾಗಿಯೇ ಬಾಳುತ್ತವೆ, ಹಾಗಾಗಿಯೇ ಮಳೆಯಲ್ಲಿ ಬ್ರೇಕಿಗೆ ಒಂದಷ್ಟು ದೂರ ಹೆಚ್ಚು ಕೇಳುತ್ತವೆ, ರಸ್ತೆಯ ಸದ್ದನ್ನೂ ಒಳಗೆ ಬಿಡುತ್ತವೆ. ಟ್ಯಾಕ್ಸಿಯವರು ಹಾಕಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ಮನೆ ಗಾಡಿಗೆ ಹಾಕಿಸಬೇಡಿ. ಅವರ ಲೆಕ್ಕ ಬೇರೆ, ವರ್ಷಕ್ಕೆ ಓಡುವ ದೂರವೇ ಬೇರೆ.

ಊರೊಳಗಿನ ಓಡಾಟ, ಗುಂಡಿ, ಫುಟ್‌ಪಾತಿನ ಅಂಚು, ಮೆಟ್ರೋ ಕೆಲಸದ ಮಣ್ಣು ಇದ್ದಲ್ಲಿ ಎಂಆರ್‌ಎಫ್‌ಗೆ ಗಟ್ಟಿ ಸೈಡ್‌ವಾಲ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಝಡ್‌ಎಲ್‌ಎಕ್ಸ್ ಅದೇ ಮನೆಯ ಸ್ವಲ್ಪ ನಯವಾದ ಮಾಡೆಲ್ಲು. ಎಲ್ಲ ಊರಲ್ಲೂ ಡೀಲರ್ ಇರುವುದು ಇನ್ನೊಂದು ಅನುಕೂಲ: ಅರಸೀಕೆರೆಯ ಹತ್ತಿರ ಟೈರು ಹರಿದರೂ ಅದೇ ಮಾಡೆಲ್ಲು ಸಿಗುವ ಸಾಧ್ಯತೆ ಹೆಚ್ಚು. ಸದ್ದು ಕಡಿಮೆ, ಸವಾರಿ ಮೆತ್ತಗೆ ಬೇಕೆಂದರೆ ಯೊಕೊಹಾಮಾ ಅರ್ತ್-1 ಮತ್ತು ಕಾಂಟಿನೆಂಟಲ್‌ನ ಕಂಫರ್ಟ್‌ಕಾಂಟ್ಯಾಕ್ಟ್ ಸಾಲು. ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ಇವು ನಿಜಕ್ಕೂ ಹೊಂದುತ್ತವೆ. ಬ್ರಿಜ್‌ಸ್ಟೋನ್ ಇಕೋಪಿಯಾ ಇಂಧನ ಉಳಿಸಲೆಂದು ಮಾಡಿದ ಸಾಲು. ಎಷ್ಟೋ ಗಾಡಿಗಳ ಜೊತೆ ಕಾರ್ಖಾನೆಯಿಂದಲೇ ಬರುವುದೂ ಅದಕ್ಕೇ. ಅದರಲ್ಲಿ ತೃಪ್ತಿಯಿದ್ದವರು ಬದಲಾಯಿಸುವ ಅಗತ್ಯವಿಲ್ಲ, ಆದರೆ "ಗಾಡಿ ಜೊತೆ ಬಂದದ್ದೇ ಬೆಸ್ಟು" ಎಂಬುದು ನಿಯಮವಲ್ಲ. ಕಂಪನಿಯವರು ಮೈಲೇಜ್ ಅಂಕಿಯನ್ನೂ ಖರ್ಚನ್ನೂ ನೋಡಿ ಆರಿಸಿರುತ್ತಾರೆ. ಜೆಕೆಯ ಯುಎಕ್ಸ್ ರಾಯಲ್ ಬೆಲೆಗೆ ತಕ್ಕ ಟೈರು. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಕೈಸೇರಿದ್ದು ಆ ಕಡೆಯವರಿಗೆ ನೆನಪಿದ್ದೀತು. ಅಭಿಮಾನಕ್ಕೆ ಕೊಂಡರೂ ತೊಂದರೆಯಿಲ್ಲ, ಮಳೆಸೀಮೆಗೆ ಮಾತ್ರ ಇನ್ನೊಂದು ಹೆಜ್ಜೆ ಮೇಲಿನದ್ದನ್ನು ನೋಡಿ.

ದುಡ್ಡಿನ ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಉದಾಹರಣೆಗೆ 5,000 ರೂಪಾಯಿಯ ಟೈರು 40,000 ಕಿ.ಮೀ. ಬಂದರೆ ಕಿಲೋಮೀಟರಿಗೆ ಹನ್ನೆರಡೂವರೆ ಪೈಸೆ. 6,500ರದ್ದು 50,000 ಬಂದರೆ ಹದಿಮೂರು ಪೈಸೆ. ನಾಲ್ಕು ಚಕ್ರಕ್ಕೆ ಕಿಲೋಮೀಟರಿಗೆ ಎರಡು ಪೈಸೆ ವ್ಯತ್ಯಾಸ. ವರ್ಷಕ್ಕೆ 10,000 ಕಿ.ಮೀ. ಓಡುವ ಗಾಡಿಗೆ 200 ರೂಪಾಯಿ. ದುಬಾರಿ ಟೈರು 40,000ಕ್ಕೇ ಮುಗಿದರೂ ವರ್ಷಕ್ಕೆ 1,500. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಲಾರಿಗೆ ಒಂದು ಮೀಟರು ಮೊದಲೇ ನಿಲ್ಲುವುದಕ್ಕೆ ಅದು ಹೆಚ್ಚಲ್ಲ.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 4,000 ಇದ್ದ ಟೈರು ಮೊದಲು 5,120 ಆಗುತ್ತಿತ್ತು, ಈಗ 4,720. ಬಿಲ್ಲಿನಲ್ಲಿ ತೆರಿಗೆ ದರ ನೋಡಿ. ಹಳೇ ಎಂಆರ್‌ಪಿ ತೋರಿಸಿ "ಡಿಸ್ಕೌಂಟ್ ಕೊಟ್ಟಿದೀವಿ" ಎನ್ನುವುದಕ್ಕೆ ಮರುಳಾಗಬೇಡಿ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಮೂರ್ನಾಲ್ಕು ಅಂಗಡಿ ಕೇಳಿದರೆ ಒಂದೇ ಟೈರಿಗೆ ಬೇರೆ ಬೇರೆ ಬೆಲೆ ಬರುತ್ತದೆ. ಕೇಳುವಾಗ "ಫಿಟ್ಟಿಂಗ್, ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಸೇರಿ ಎಷ್ಟು?" ಎಂದು ಕೇಳಬೇಕು, ಇಲ್ಲದಿದ್ದರೆ ಉಳಿಸಿದ್ದೆಲ್ಲ ಕೊನೆಯ ಚೀಟಿಯಲ್ಲಿ ಹೋಗುತ್ತದೆ.

ಎರಡೇ ಬದಲಾಯಿಸುವುದಾದರೆ

ಈ ಗಾಡಿಗಳೆಲ್ಲ ಮುಂದಿನ ಚಕ್ರದಿಂದ ಓಡುವಂಥವು. ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಪಾಲು ಎಲ್ಲ ಮುಂದಿನವೇ ಹೊರುವುದರಿಂದ ಮುಂದಿನ ಟೈರು ಮೊದಲು ಸವೆಯುತ್ತದೆ. ಹೊಸ ಎರಡನ್ನು ಮುಂದಕ್ಕೇ ಹಾಕುವುದು ಅಂಗಡಿಗಳ ಅಭ್ಯಾಸ. ಅದು ತಪ್ಪು. ಒದ್ದೆ ರಸ್ತೆಯ ತಿರುವಿನಲ್ಲಿ ಮುಂದಿನದ್ದು ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಎಷ್ಟೋ ಸಲ ತಾನಾಗಿ ಹಿಡಿತಕ್ಕೆ ಬರುತ್ತದೆ. ಹಿಂದಿನದ್ದು ಜಾರಿದರೆ ಗಾಡಿಯ ಬಾಲವೇ ಸುತ್ತಿಕೊಂಡು ಬರುತ್ತದೆ, ಸಾಮಾನ್ಯ ಚಾಲಕರಿಗೆ ಅದನ್ನು ಸಂಭಾಳಿಸಲಾಗದು. ಹಾಗಾಗಿ ಹೊಸದು ಹಿಂದಕ್ಕೆ, ಹಿಂದಿದ್ದ ಹೆಚ್ಚು ಆಳದ್ದು ಮುಂದಕ್ಕೆ. ಟೈರು ಕಂಪನಿಗಳೇ ಹೇಳುವ ಮಾತಿದು. ಅಂಗಡಿಯ ಹುಡುಗ ನಕ್ಕರೆ ನಗಲಿ.

ಒಂದು ಆಕ್ಸಲ್ ಮೇಲೆ ಎರಡೂ ಒಂದೇ ಮಾಡೆಲ್ಲು, ಒಂದೇ ಸವೆತ ಇರಬೇಕು. ಆರು ವರ್ಷದಿಂದ ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿಯನ್ನು "ಹೊಸದೇ ಇದೆಯಲ್ಲ" ಎಂದು ಒಂದು ಹೊಸ ಟೈರಿಗೆ ಜೋಡಿ ಮಾಡುವುದು ಉಳಿತಾಯವಲ್ಲ. ನಾಲ್ಕೂ ಒಟ್ಟಿಗೆ ಮುಗಿಯುವಂತೆ ಮಾಡುವ ದಾರಿ ಎಂದರೆ 8,000ದಿಂದ 10,000 ಕಿ.ಮೀ.ಗೊಮ್ಮೆ ಅದಲು ಬದಲು: ಮುಂದಿನವು ಅದೇ ಬದಿಯಲ್ಲಿ ಹಿಂದಕ್ಕೆ, ಹಿಂದಿನವು ಎಡಬಲ ಬದಲಾಗಿ ಮುಂದಕ್ಕೆ. ಸೈಡ್‌ವಾಲ್ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಬದಿ ಬದಲಾಯಿಸುವಂತಿಲ್ಲ, ಹಿಂದೆ ಮುಂದೆ ಮಾತ್ರ.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಟೈರನ್ನು ಡಿಸ್ಕಿಗೆ ಏರಿಸುವ ಮೊದಲೇ ನಾಲ್ಕರ ಸೈಡ್‌ವಾಲ್ ಮೇಲೂ ಡಿಓಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2325 ಎಂದರೆ 2025ರ 23ನೇ ವಾರ. ಆರು ತಿಂಗಳೊಳಗಿನದ್ದು ಸಿಕ್ಕರೆ ಉತ್ತಮ, ಒಂದು ವರ್ಷದೊಳಗಿನದ್ದು ಸರಿ, ಅದಕ್ಕಿಂತ ಹಳೆಯದಾದರೆ ಬೆಲೆ ಇಳಿಸಿ ಇಲ್ಲವೇ ಬೇಡವೆನ್ನಿ. ಈ ಅಂಕಿ ಟೈರಿನ ಒಂದೇ ಬದಿಯಲ್ಲಿ ಪೂರ್ತಿ ಇರುವುದುಂಟು. ಫಿಟ್ ಆದಮೇಲೆ ಅದು ಒಳಬದಿಗೆ ಹೋದರೆ ಕಾಣುವುದಿಲ್ಲ. ಐಎಸ್‌ಐ ಗುರುತೂ ಇರಲೇಬೇಕು, ಕಾರಿನ ಟೈರಿಗೆ ಐಎಸ್ 15633. ರಸ್ತೆಬದಿಯಲ್ಲಿ ಹೊಳಪು ಹಚ್ಚಿ ಮಾರುವ ಸೆಕೆಂಡ್ ಹ್ಯಾಂಡ್ ಟೈರುಗಳಲ್ಲಿ ಸವೆದ ಸೀಳನ್ನು ಕೊರೆದು ಆಳ ಮಾಡಿರುತ್ತಾರೆ. ಕೊರೆದ ಸೀಳಿನಲ್ಲಿ ಟಿಡಬ್ಲ್ಯೂಐ ದಿಣ್ಣೆ ಮಾಯವಾಗಿರುವುದು ಅದರ ಗುರುತು.

ಟ್ಯೂಬ್‌ಲೆಸ್ ವಾಲ್ವ್ ಹೊಸದೇ ಹಾಕಿಸಿ. ಹತ್ತಿಪ್ಪತ್ತು ರೂಪಾಯಿ ಉಳಿಸಿದ ಹಳೇ ವಾಲ್ವಿನ ಬುಡದಲ್ಲಿ ಬಿರುಕು ಬಿಟ್ಟು ವಾರಕ್ಕೊಮ್ಮೆ ಗಾಳಿ ಇಳಿಯುವುದು ತೀರ ಸಾಮಾನ್ಯ. ಡಿಸ್ಕನ್ನು ಬ್ಯಾಲೆನ್ಸಿಂಗ್ ಮಶೀನಿನಲ್ಲಿ ಬರಿದಾಗಿ ತಿರುಗಿಸಿ ಬೆಂಡು ಇದೆಯೇ ನೋಡಿ. ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಹಗುರದ ಜಾಗ, ವಾಲ್ವಿನ ನೇರಕ್ಕೆ ಬರಲಿ. ಬ್ಯಾಲೆನ್ಸಿಂಗಿಗೆ ಕಡಿಮೆ ಸೀಸ ಸಾಕಾಗುತ್ತದೆ. ಒಂದು ಚಕ್ರಕ್ಕೆ 60-70 ಗ್ರಾಂಗಿಂತ ಹೆಚ್ಚು ಬೇಕೆಂದರೆ ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಏರಿಸಲು ಹೇಳಿ. ಔಟ್‌ಸೈಡ್ ಎಂದು ಬರೆದ ಬದಿ ಹೊರಗಿರಲಿ. ಬೀಡು, ಅಂದರೆ ಡಿಸ್ಕನ್ನು ಹಿಡಿಯುವ ಟೈರಿನ ಅಂಚು, ಡಿಸ್ಕಿಗೆ ಕೂರುವಾಗ ಎರಡು ಸಲ ಟಪ್ ಎಂಬ ಸದ್ದು ಬರಬೇಕು. 40 ಪಿಎಸ್‌ಐ ತುಂಬಿದರೂ ಕೂರದಿದ್ದರೆ ಇನ್ನೂ ಗಾಳಿ ತುಂಬಿಸಿಕೊಂಡು ಹೋಗುವುದಲ್ಲ, ಇಳಿಸಿ ಸೋಪಿನ ದ್ರಾವಣ ಹಚ್ಚಿ ಮತ್ತೆ ಪ್ರಯತ್ನಿಸಬೇಕು. ಆಗ ಹತ್ತಿರ ನಿಲ್ಲಬೇಡಿ.

ಅಲೈನ್‌ಮೆಂಟಿನ ಮೊದಲಿನ ಮತ್ತು ನಂತರದ ಪ್ರಿಂಟ್ ಎರಡೂ ಕೇಳಿ ಪಡೆಯಿರಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಂದಿಸಲು ಬರುವುದು ಮುಂದಿನ ಟೋ ಒಂದೇ, ಹಿಂದಿನದ್ದು ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ತೊಲೆ, ಹೊಂದಿಸಲು ಬರುವುದಿಲ್ಲ. ಪ್ರಿಂಟಿನಲ್ಲಿ ಕ್ಯಾಂಬರ್ ಕೆಂಪಿನಲ್ಲಿ ಬಂದರೆ "ಕ್ಯಾಂಬರ್ ಸೆಟ್ ಮಾಡ್ತೀವಿ" ಎಂದು ಸ್ಟ್ರಟ್ಟಿಗೆ (ಶಾಕ್ ಅಬ್ಸಾರ್ಬರಿನ ಕಂಬಕ್ಕೆ) ಸಲಾಕೆ ಹಾಕಿ ಬಗ್ಗಿಸಲು ಬಿಡಬೇಡಿ. ಏನೋ ಬೆಂಡಾಗಿದೆ ಎಂದರ್ಥ, ಆ ಭಾಗವನ್ನು ಹುಡುಕಿ ಬದಲಾಯಿಸಬೇಕು. ವ್ಹೀಲ್ ನಟ್ಟನ್ನು ಏರ್ ಗನ್ನಿನಲ್ಲಿ ಕಿರುಚುವವರೆಗೆ ಬಿಗಿಯುವುದು ನಮ್ಮಲ್ಲಿ ಮಾಮೂಲು. ಮುಂದೆ ದಾರಿಯಲ್ಲಿ ಪಂಚರಾದಾಗ ಮನೆಯವರಿಂದ ಬಿಚ್ಚಲಾಗುವುದಿಲ್ಲ. ಕೊನೆಯ ಬಿಗಿತ ಕೈ ಸ್ಪ್ಯಾನರಿನಲ್ಲಿ, ಎದುರುಬದುರಾಗಿ, ಸಾಧ್ಯವಾದರೆ ಮ್ಯಾನುವಲ್ಲಿನ ಅಳತೆಗೆ ಟಾರ್ಕ್ ರೆಂಚಿನಲ್ಲಿ.

ಗಾಳಿ ಎಷ್ಟೆಂಬುದು ಚಾಲಕನ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ, ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಬಂಕಿನ ಹುಡುಗ ಎಲ್ಲಕ್ಕೂ ಹಾಕುವ 35 ಅಲ್ಲ. ಅಳತೆ ಬೆಳಿಗ್ಗೆ ತಣ್ಣಗಿರುವಾಗ. ಓಡಿ ಬಿಸಿಯಾದ ಟೈರು 3-4 ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಆ ಹೆಚ್ಚಿನ ಗಾಳಿಯನ್ನು ಹೊರಕ್ಕೆ ಬಿಡಬಾರದು. ಬೇಸಿಗೆಯಲ್ಲಿ ಸಿಡಿಯದಿರಲೆಂದು ಗಾಳಿ ಇಳಿಸಿ ಓಡಿಸುವ ಅಭ್ಯಾಸ ಕಲಬುರಗಿ, ವಿಜಯಪುರದ ಕಡೆ ಈಗಲೂ ಇದೆ. ಆಗುವುದು ಉಲ್ಟಾ: ಗಾಳಿ ಕಡಿಮೆಯಾದ ಟೈರಿನ ಸೈಡ್‌ವಾಲ್ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ, ಕಿಲೋಮೀಟರಿಗೆ ಐನೂರು ಚಿಲ್ಲರೆ ಸಲ. ಅದರಿಂದಲೇ ಬಿಸಿ ಏರಿ ಸಿಡಿಯುತ್ತದೆ. ನೈಟ್ರೋಜನ್ ಬೇಕೋ ಬೇಡವೋ ಎಂಬುದಕ್ಕೆ, ಸಾಮಾನ್ಯ ಗಾಳಿಯಲ್ಲೇ ಶೇ. 78 ಅದಿದೆ. ಪುಕ್ಕಟೆ ಹಾಕಿದರೆ ಹಾಕಿಸಿಕೊಳ್ಳಿ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುತ್ತದೆ, ಮೊದಲ 200-300 ಕಿ.ಮೀ. ಜೋರು ಬ್ರೇಕು, ಜೋರು ತಿರುವು ಬೇಡ. ಮಳೆಯಿದ್ದರಂತೂ ಬೇಡವೇ ಬೇಡ. 50-100 ಕಿ.ಮೀ. ಆದಮೇಲೆ ನಟ್ಟುಗಳನ್ನು ಒಮ್ಮೆ ನೋಡಿಕೊಳ್ಳಿ. ಬಿಲ್ಲಿನಲ್ಲಿ ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬರೆಸಿ, ವಾರಂಟಿಯನ್ನು ಕಂಪನಿಯ ಸೈಟಿನಲ್ಲಿ ಅಂದೇ ನೋಂದಾಯಿಸಿ. ಗುಂಡಿಗೆ ಬಿದ್ದು ಬಂದ ಉಬ್ಬಿಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಸ್ಕೀಮ್ ಇದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು. ಸಾವಿರ ಕಿ.ಮೀ. ಆದಮೇಲೆ ಮುಂದಿನ ಟೈರುಗಳ ಮೇಲೆ ಅಂಗೈ ಆಡಿಸಿ. ಎರಡೂ ದಿಕ್ಕಿಗೆ ನುಣ್ಣಗಿಲ್ಲದಿದ್ದರೆ ಅಲೈನ್‌ಮೆಂಟಿನ ಪ್ರಿಂಟ್ ಹಿಡಿದುಕೊಂಡು ಅದೇ ಅಂಗಡಿಗೆ ವಾಪಸ್ ಹೋಗಿ.